ಮುಂಗಡದಿಂದ ಸದಸ್ಯತ್ವದವರೆಗೆ: ವಿಜಾಪುರ ಸೀಮೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ ಉದ್ಯೋಗದ ಆಮಿಷದ ಇತಿಹಾಸ

1

ದುಡಿಮೆಯನ್ನು ಅರಸಿ ಊರು ಬಿಡುವುದು ವಿಜಾಪುರ ಸೀಮೆಯ ಜನಕ್ಕೆ ಹೊಸತಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ 'ಗುಳೆ' ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಿಂಗಾರಿ ಮಳೆ ಕೈಕೊಟ್ಟ ವರ್ಷ ಮುದುಕರನ್ನು ಮನೆ ಕಾಯಲು ಬಿಟ್ಟು, ಉಳಿದವರು ಗೋವೆಗೋ ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಹೊರಡುವುದು ಇಲ್ಲಿ ತಲೆಮಾರುಗಳಿಂದ ನಡೆದುಬಂದ ಸಂಗತಿ. ಆದರೆ ಈಚಿನ ಎರಡು ದಶಕಗಳಲ್ಲಿ ಇದರ ಜೊತೆಗೆ ಮತ್ತೊಂದು ಬಗೆಯ ಪ್ರಯಾಣವೂ ಸೇರಿಕೊಂಡಿದೆ. ಪದವಿ ಮುಗಿಸಿದ ತರುಣನಿಗೆ ಪರಿಚಿತನೊಬ್ಬನಿಂದ ಕರೆ ಬರುತ್ತದೆ. ದೊಡ್ಡ ನಗರದಲ್ಲಿ ಒಂದು ಕಂಪೆನಿ, ಕಚೇರಿಯಲ್ಲಿ ಕೆಲಸ, ತಿಂಗಳಿಗೆ ನಿಶ್ಚಿತ ಸಂಬಳ, ಮೊದಲು ಕೆಲವು ದಿನ ತರಬೇತಿ ಎಂದು ಹೇಳಲಾಗುತ್ತದೆ. ತರುಣನು ಅಲ್ಲಿಗೆ ಹೋದಮೇಲೆ ಅಲ್ಲಿ ಕಚೇರಿಯ ಕೆಲಸವೂ ಇಲ್ಲ, ಸಂಬಳವೂ ಇಲ್ಲ ಎಂಬುದು ತಿಳಿಯುತ್ತದೆ. ತಾನು ಹಣ ಕಟ್ಟಿ ಸದಸ್ಯನಾಗಬೇಕು. ತನ್ನಂತೆಯೇ ಹಣ ಕಟ್ಟುವ ಇನ್ನಷ್ಟು ಜನರನ್ನು ಕರೆತರಬೇಕು. ಹಾಗೆ ತಂದರೆ ಮಾತ್ರ ಆದಾಯ. ಜನರು ಇದನ್ನು 'ಚೈನ್ ಸಿಸ್ಟಮ್' ಎಂದೂ 'ನೆಟ್‌ವರ್ಕ್ ಬಿಸಿನೆಸ್' ಎಂದೂ ಕರೆಯುತ್ತಾರೆ. ಬಹುಹಂತದ ಮಾರಾಟ ಎಂಬುದು ಇದರ ವಿಧ್ಯುಕ್ತ ಹೆಸರು.

ಈ ವಂಚನೆಯನ್ನು ಕುರಿತು ಸಾಮಾನ್ಯವಾಗಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಮೊಬೈಲು ಮತ್ತು ಅಂತರ್ಜಾಲದ ಕಾಲದ ಹೊಸ ಪಿಡುಗು ಎಂಬುದು ಮೊದಲನೆಯದು. ಸುಲಭವಾಗಿ ಹಣ ಗಳಿಸಬೇಕೆಂಬ ತರುಣರ ದುರಾಸೆಯೇ ಇದಕ್ಕೆ ಕಾರಣ ಎಂಬುದು ಎರಡನೆಯದು. ಇವೆರಡೂ ಪೂರ್ಣ ಸತ್ಯವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಉದ್ಯೋಗದ ಹೆಸರಿನಲ್ಲಿ ಜನರನ್ನು ಒಲಿಸಿ ಕರೆದೊಯ್ಯುವ ಪದ್ಧತಿಗೆ ನಮ್ಮ ದೇಶದಲ್ಲಿ ಎರಡು ಶತಮಾನಗಳಿಗೆ ಸಮೀಪದ ಚರಿತ್ರೆಯಿದೆ. ಹಳೆಯ ಪದ್ಧತಿಯಿಂದಲೇ ಹೊಸದು ಹುಟ್ಟಿತೆಂದು ಹೇಳಲು ಆಧಾರವಿಲ್ಲ; ಹೋಲಿಕೆಯಿದ್ದ ಮಾತ್ರಕ್ಕೆ ವಂಶಾವಳಿ ಸಿದ್ಧವಾಗುವುದಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಇಂದಿನ ಪದ್ಧತಿಯ ಸ್ವರೂಪವು ಹೆಚ್ಚು ಸ್ಪಷ್ಟವಾಗುತ್ತದೆ.

2

ಮೊದಲು ಈ ಪ್ರದೇಶದ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡಬಹುದು. ಬ್ರಿಟಿಷರ ಕಾಲದಲ್ಲಿ ಈ ನಾಲ್ಕೂ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. 1880ರ ದಶಕದಲ್ಲಿ ಜಿಲ್ಲೆಯ ಮುಖ್ಯ ಕಚೇರಿ ವಿಜಾಪುರಕ್ಕೆ ಬಂದಮೇಲೆ ಜಿಲ್ಲೆಗೂ ಅದೇ ಹೆಸರಾಯಿತು. 1956ರಲ್ಲಿ ಜಿಲ್ಲೆಯು ಕನ್ನಡ ನಾಡಿನಲ್ಲಿ ಸೇರಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. 2014ರಲ್ಲಿ ವಿಜಯಪುರ ಎಂಬ ಹೆಸರು ಅಧಿಕೃತವಾಯಿತು. ಈಚಿನ ವರ್ಷಗಳಲ್ಲಿ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಮುಂತಾದವು ಪ್ರತ್ಯೇಕ ತಾಲ್ಲೂಕುಗಳಾಗಿವೆ. ಆದುದರಿಂದ ಇಲ್ಲಿ ನಾಲ್ಕು ತಾಲ್ಲೂಕುಗಳೆಂದಾಗ ಅವುಗಳ ಹಿಂದಿನ ಎಲ್ಲೆಗಳನ್ನೇ ತಿಳಿಯಬೇಕು.

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಎರೆಭೂಮಿಯಲ್ಲಿ ಮಳೆ ಬಂದ ವರ್ಷ ಬಿಳಿಜೋಳದ ರಾಶಿ; ಬಾರದ ವರ್ಷ ಬರ. 1791-92ರ ಕ್ಷಾಮವನ್ನು ಜನರು 'ಡೋಗಿ ಬರ', ಎಂದರೆ ತಲೆಬುರುಡೆಗಳ ಬರ, ಎಂದು ನೆನಪಿನಲ್ಲಿಟ್ಟುಕೊಂಡರು. 1876-78ರ ಮಹಾಕ್ಷಾಮದ ಪರಿಣಾಮವನ್ನು ಜನಗಣತಿಯಿಂದಲೇ ಅರಿಯಬಹುದು. 1872ರಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿದ್ದ ಜಿಲ್ಲೆಯ ಜನಸಂಖ್ಯೆಯು 1881ರ ಹೊತ್ತಿಗೆ ಆರೂವರೆ ಲಕ್ಷದೊಳಕ್ಕೆ ಇಳಿದಿತ್ತು. ಆ ಕ್ಷಾಮದ ಬಳಿಕ ಹೋಟಗಿಯಿಂದ ವಿಜಾಪುರ, ಬಾಗಲಕೋಟೆಗಳ ಮೇಲೆ ಹಾದು ಗದಗಕ್ಕೆ ಹೋಗುವ ರೈಲುಮಾರ್ಗವು 1880ರ ದಶಕದಲ್ಲಿ ಸಿದ್ಧವಾಯಿತು. ಬರಗಾಲದಲ್ಲಿ ಧಾನ್ಯವನ್ನು ಒಳಕ್ಕೆ ತರಲು ಹಾಕಿದ ಈ ಹಳಿಗಳು ಜನರನ್ನು ಹೊರಕ್ಕೆ ಒಯ್ಯುವುದಕ್ಕೂ ಅನುಕೂಲವಾದವು. ಮಾರ್ಗದ ಉತ್ತರದ ಕೊನೆಯ ಸಮೀಪದಲ್ಲಿ ಸೊಲ್ಲಾಪುರದ ಗಿರಣಿಗಳು. ಅಲ್ಲಿಂದ ಮುಂದೆ ಮುಂಬಯಿ. ಇಂಡಿ ಮತ್ತು ಬಾಗೇವಾಡಿ ತಾಲ್ಲೂಕುಗಳನ್ನು ಮುಟ್ಟಿದ ಈ ಮಾರ್ಗವು ಸಿಂದಗಿ, ಮುದ್ದೇಬಿಹಾಳಗಳನ್ನು ಬಿಟ್ಟುಹೋಯಿತು.

ಸ್ವಾತಂತ್ರ್ಯಾನಂತರವೂ ಪರಿಸ್ಥಿತಿ ಬೇಗನೆ ಬದಲಾಗಲಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ 39ರ ಪಟ್ಟಿಯಲ್ಲಿವೆ. ಇಲ್ಲಿ ಇನ್ನೊಂದು ವಿಶೇಷವನ್ನೂ ಗಮನಿಸಬೇಕು. ಹಿಂದೆ ನಿಜಾಮನ ಆಳ್ವಿಕೆಗೆ ಒಳಪಟ್ಟಿದ್ದ ನೆರೆಯ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿಯ ಮೂಲಕ 2013ರಿಂದ ಶಿಕ್ಷಣದಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಮೀಸಲಾತಿ ದೊರೆತಿದೆ. ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರ ಜಿಲ್ಲೆಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಸಿಂದಗಿಯ ಪದವೀಧರನೂ ಎಲ್ಲೆಯಾಚೆಯ ಜೇವರ್ಗಿಯ ಪದವೀಧರನೂ ಒಂದೇ ಬಗೆಯ ಹೊಲ, ಒಂದೇ ಬಗೆಯ ಬರವನ್ನು ಕಂಡಿದ್ದರೂ, ಸರಕಾರಿ ಹುದ್ದೆಯ ಮುಂದೆ ಅವರ ಸ್ಥಾನ ಒಂದೇ ಅಲ್ಲ. ಕಾಲೇಜುಗಳು ಹೆಚ್ಚಿದವು, ಪದವೀಧರರು ಹೆಚ್ಚಿದರು. ಪದವಿಗೆ ತಕ್ಕ ಕೆಲಸಗಳು ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಹುಸಿ ಉದ್ಯೋಗದ ಕರೆಯು ಈ ಅಂತರದಲ್ಲಿಯೇ ಬಂದು ನಿಲ್ಲುತ್ತದೆ.

3

ಈಗ ಹಳೆಯ ನೇಮಕದ ಪದ್ಧತಿಗಳ ಕಡೆಗೆ ತಿರುಗೋಣ. 1834ರಿಂದ ಮಾರಿಷಸ್ ದ್ವೀಪಕ್ಕೂ, ಆಮೇಲೆ ವೆಸ್ಟ್ ಇಂಡೀಸ್, ಫಿಜಿ ಮೊದಲಾದ ಕಡೆಗಳಿಗೂ ಕರಾರಿನ ಕೂಲಿಗಳನ್ನು ಸಾಗಿಸಿದ ಕಾಲದಲ್ಲಿ, ಹಳ್ಳಿಗಳಲ್ಲಿ ಜನರನ್ನು ಹಿಡಿದು ತರುತ್ತಿದ್ದ 'ಅರಕಾಟಿ'ಗೆ ತಲೆಗೆ ಇಷ್ಟೆಂದು ಹಣ ಸಿಗುತ್ತಿತ್ತು. ಹೋಗುವ ಜಾಗ ಎಷ್ಟು ದೂರ, ಕೆಲಸ ಎಂಥದು, ಹಿಂದಿರುಗುವುದು ಯಾವಾಗ ಎಂಬುದನ್ನು ಮರೆಮಾಚುವುದೇ ಅವನ ಜಾಣತನ. ಈ ಪದ್ಧತಿಯ ವಿರುದ್ಧ ದೇಶದಲ್ಲಿ ದೊಡ್ಡ ಚಳವಳಿಯೇ ನಡೆದು, 1917ರಲ್ಲಿ ಕರಾರಿನ ವಲಸೆಯು ನಿಂತಿತು.

ಸಿಂಹಳ ಮತ್ತು ಮಲಯದ ತೋಟಗಳಲ್ಲಿ ರೂಢವಾಗಿದ್ದ 'ಕಂಗಾಣಿ' ಪದ್ಧತಿಯು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕಂಗಾಣಿಯು ಹೊರಗಿನ ದಲ್ಲಾಳಿಯಲ್ಲ; ತಾನೇ ತೋಟದಲ್ಲಿ ದುಡಿದವನು. ತೋಟದ ಮಾಲಿಕನು ಅವನ ಕೈಗೆ ಮುಂಗಡ ಕೊಟ್ಟು ಅವನ ಸ್ವಂತ ಊರಿಗೆ ಕಳುಹಿಸುತ್ತಿದ್ದನು. ಅವನು ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಹಣ ಹಿಡಿದು ಊರಿಗೆ ಬಂದಾಗ, ಅವನ ಮಾತಿಗಿಂತ ಅವನ ವೇಷವೇ ನೆಂಟರಿಷ್ಟರನ್ನು ಹೆಚ್ಚಾಗಿ ನಂಬಿಸುತ್ತಿತ್ತು. ಅವನು ಕರೆತಂದ ಆಳುಗಳಲ್ಲಿ ದಿನಕ್ಕೆ ಎಷ್ಟು ಜನ ಕೆಲಸಕ್ಕೆ ಹಾಜರಾದರೋ ಅಷ್ಟು ತಲೆಗಳ ಲೆಕ್ಕದಲ್ಲಿ ಅವನಿಗೆ ಪ್ರತ್ಯೇಕ ಹಣ ಸಲ್ಲುತ್ತಿತ್ತು. ಪ್ರಯಾಣದ ವೆಚ್ಚವೂ ಮುಂಗಡವೂ ಆಳಿನ ಹೆಸರಿನಲ್ಲಿ ಸಾಲವಾಗಿ ನಿಲ್ಲುತ್ತಿದ್ದವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಇದೇ ಕಾರ್ಯವನ್ನು ಮೇಸ್ತ್ರಿಗಳು ನಡೆಸುತ್ತಿದ್ದರು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬು ಕಡಿಯುವ ತಂಡಗಳನ್ನು ಕೂಡಿಸುವ ಮುಕಾದಮನ ಕೈಯಲ್ಲಿ ಇಂದಿಗೂ ಇರುವುದು 'ಉಚಲ', ಎಂದರೆ ಮುಂಗಡದ ಹಣವೇ.

ಕಾನೂನು ಯಾರ ಪಕ್ಷದಲ್ಲಿತ್ತು ಎಂಬುದೂ ವಿಚಾರಣೀಯ. 1859ನೆಯ ಇಸವಿಯ 13ನೆಯ ಕಾಯಿದೆಯ ಪ್ರಕಾರ, ಮುಂಗಡ ಪಡೆದು ಕೆಲಸ ಬಿಟ್ಟ ಕೆಲಸಗಾರನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿತ್ತು. ಹಣ ಹಿಂತಿರುಗಿಸಬೇಕು, ಇಲ್ಲವೇ ಕೆಲಸ ಪೂರೈಸಬೇಕು. ಎರಡಕ್ಕೂ ತಪ್ಪಿದರೆ ಮೂರು ತಿಂಗಳವರೆಗೆ ಸೆರೆಮನೆ. ಸುಳ್ಳು ಹೇಳಿ ಕರೆತಂದ ಮಧ್ಯಸ್ಥನಿಗೆ ಆ ಕಾಯಿದೆಯಲ್ಲಿ ಶಿಕ್ಷೆಯಿರಲಿಲ್ಲ. 1925ರಲ್ಲಿ ರದ್ದಾಗುವವರೆಗೆ, ಎಂದರೆ ಅರವತ್ತಕ್ಕೂ ಹೆಚ್ಚು ವರ್ಷ, ಅದು ಜಾರಿಯಲ್ಲಿತ್ತು.

ಗಿರಣಿಗಳಲ್ಲಿ ಈ ಪದ್ಧತಿ ಇನ್ನೊಂದು ರೂಪವನ್ನು ತಾಳಿತು. ಮುಂಬಯಿ, ಸೊಲ್ಲಾಪುರಗಳ ಬಟ್ಟೆ ಗಿರಣಿಗಳಲ್ಲಿ ಆಳುಗಳನ್ನು ತೆಗೆದುಕೊಳ್ಳುವ ಅಧಿಕಾರವು 'ಜಾಬರ್' ಅಥವಾ ಮುಕಾದಮನ ಕೈಯಲ್ಲಿತ್ತು. ಅಲ್ಲಿ ಮುಂಗಡ ಕೊಟ್ಟು ಜನರನ್ನು ಕರೆಯಬೇಕಾದ ಅಗತ್ಯವಿರಲಿಲ್ಲ; ಬರಪೀಡಿತ ಜಿಲ್ಲೆಗಳಿಂದ ಜನರು ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆದುದರಿಂದ ಹಣದ ಹರಿವು ತಿರುಗಿತು. ಕೆಲಸ ಬೇಕಾದವನೇ ಜಾಬರನಿಗೆ ದಸ್ತೂರಿ ಕೊಡಬೇಕಾಯಿತು. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಒಪ್ಪಿಸಿದ ವ್ಹಿಟ್ಲೆ ಆಯೋಗವು ಈ ಲಂಚದ ಪದ್ಧತಿಯನ್ನು ವಿವರವಾಗಿ ಚರ್ಚಿಸಿ, ನೇಮಕದ ಅಧಿಕಾರವನ್ನು ಜಾಬರನಿಂದ ತೆಗೆಯಬೇಕೆಂದು ಸಲಹೆ ಮಾಡಿತು. 1935ರಲ್ಲಿ ಮುಂಬಯಿ ಗಿರಣಿಗಳಲ್ಲಿ ಬದಲಿ ಕೆಲಸಗಾರರ ನೇಮಕವನ್ನು ಕ್ರಮಪಡಿಸುವ ವ್ಯವಸ್ಥೆ ಬಂದಿತು.

ಈ ತಿರುವು ನಮ್ಮ ವಾದಕ್ಕೆ ಬಹಳ ಮುಖ್ಯ. ಆಳುಗಳು ವಿರಳವಾಗಿದ್ದಲ್ಲಿ ಕೆಲಸ ಕೊಡುವವನು ಮುಂಗಡ ಕೊಟ್ಟನು. ಕೆಲಸಗಳು ವಿರಳವಾಗಿದ್ದಲ್ಲಿ ಕೆಲಸ ಕೇಳುವವನು ಹಣ ತೆತ್ತನು. ಆದರೆ ಜಾಬರನಿಗೆ ದಸ್ತೂರಿ ಕೊಟ್ಟವನಿಗೆ ಕೊನೆಗೆ ಮಗ್ಗದ ಮುಂದೆ ನಿಲ್ಲುವ ಒಂದು ಕೆಲಸವಂತೂ ಸಿಗುತ್ತಿತ್ತು. ಇಂದು ನಾವು ವಿಚಾರಿಸಲಿರುವ ಪದ್ಧತಿಯಲ್ಲಿ ಹಣ ಕೊಟ್ಟಮೇಲೂ ಕೆಲಸವಿಲ್ಲ. ಜಾಬರನಾಗುವ ಅವಕಾಶವೊಂದೇ ಇದೆ.

4

ಬಹುಹಂತದ ಮಾರಾಟವು ಅಮೆರಿಕೆಯಲ್ಲಿ ಹುಟ್ಟಿ ಬೆಳೆದದ್ದು. 1945ರ ಸುಮಾರಿಗೆ ನ್ಯೂಟ್ರಿಲೈಟ್ ಎಂಬ ಪೌಷ್ಟಿಕ ಪದಾರ್ಥವನ್ನು ಮಾರುವವರಿಗಾಗಿ ಒಂದು ಹೊಸ ಪ್ರತಿಫಲದ ಯೋಜನೆ ರೂಪುಗೊಂಡಿತು. ಮಾರಾಟಗಾರನಿಗೆ ತಾನು ಮಾರಿದ ಸರಕಿನ ಲಾಭವಲ್ಲದೆ, ತಾನು ಸೇರಿಸಿದ ಮಾರಾಟಗಾರರ ವ್ಯವಹಾರದಲ್ಲಿಯೂ ಪಾಲು ದೊರೆಯುವುದು ಅದರ ತತ್ವ. ಅದೇ ಸರಕಿನ ಮಾರಾಟಗಾರರಾಗಿದ್ದ ಇಬ್ಬರು 1959ರಲ್ಲಿ ಮಿಚಿಗನ್ ಸಂಸ್ಥಾನದಲ್ಲಿ ಆಮ್‌ವೇ ಕಂಪೆನಿಯನ್ನು ಸ್ಥಾಪಿಸಿದರು. ಸರಕು ನೆಪಮಾತ್ರವಾಗಿ, ಹೊಸಬರ ಪ್ರವೇಶಧನವೇ ಆದಾಯವಾದಾಗ ಅದು 'ಪಿರಮಿಡ್' ಎನಿಸಿಕೊಳ್ಳುತ್ತದೆ. ಅಮೆರಿಕೆಯ ಫೆಡರಲ್ ವ್ಯಾಪಾರ ಆಯೋಗವು 1975ರಲ್ಲಿ ಕೋಸ್ಕಾಟ್ ಎಂಬ ಕಂಪೆನಿಯ ಪ್ರಕರಣದಲ್ಲಿ ಇದರ ಲಕ್ಷಣವನ್ನು ನಿರೂಪಿಸಿತು. 1979ರಲ್ಲಿ ಅದೇ ಆಯೋಗವು ಆಮ್‌ವೇ ಪಿರಮಿಡ್ ಅಲ್ಲವೆಂದು ತೀರ್ಮಾನಿಸಿದರೂ, ಸಂಪಾದನೆಯ ಬಗ್ಗೆ ಉತ್ಪ್ರೇಕ್ಷೆಯ ಪ್ರಚಾರವನ್ನು ನಿಷೇಧಿಸಿತು.

ಪಿರಮಿಡ್ಡಿಗೂ, 1920ರಲ್ಲಿ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪಾಂಜಿಯು ನಡೆಸಿದ ಬಗೆಯ ವಂಚನೆಗೂ ಭೇದವಿದೆ. ಪಾಂಜಿಯಲ್ಲಿ ಹಣ ಹೂಡಿದವನು ಸುಮ್ಮನೆ ಕುಳಿತು ಬಡ್ಡಿಗಾಗಿ ಕಾಯುತ್ತಾನೆ; ಪಿರಮಿಡ್ಡಿನಲ್ಲಿ ಅವನೇ ಮುಂದಿನವನನ್ನು ತರಬೇಕು. ಅಲ್ಲಿ ಮೋಸಹೋದವನು ಬರಿಯ ಸಂತ್ರಸ್ತ. ಇಲ್ಲಿ ಮೋಸಹೋದವನ ಕೈಯಿಂದಲೇ ಇನ್ನೊಬ್ಬನಿಗೆ ಮೋಸವಾಗುತ್ತದೆ. ಇದು ಸಮಾಜಕ್ಕೆ ಎಷ್ಟು ಹಾನಿ ಮಾಡಬಲ್ಲದೆಂಬುದಕ್ಕೆ ಅಲ್ಬೇನಿಯಾ ದೇಶವೇ ನಿದರ್ಶನ. ಅಲ್ಲಿ ಇಂಥ ಯೋಜನೆಗಳು 1997ರಲ್ಲಿ ಕುಸಿದಾಗ ಸರಕಾರವೇ ಉರುಳಿತು. ದಂಗೆಗಳಲ್ಲಿ ಸುಮಾರು 2,000 ಜನ ಸತ್ತರು.

ಭಾರತದಲ್ಲಿ ಈ ಕುರಿತ ಕಾಯಿದೆ ಬಂದುದು ಈ ಕಂಪೆನಿಗಳು ಬರುವುದಕ್ಕಿಂತ ಮೊದಲೇ. ಬಹುಮಾನದ ಚೀಟಿಗಳ ಹಾವಳಿಯನ್ನು ಪರಿಶೀಲಿಸಿದ ಜೇಮ್ಸ್ ರಾಜ್ ಅಧ್ಯಕ್ಷತೆಯ ರಿಸರ್ವ್ ಬ್ಯಾಂಕಿನ ತಂಡವು 1975ರಲ್ಲಿ ಅವುಗಳ ನಿಷೇಧವನ್ನು ಸಲಹೆ ಮಾಡಿತು. ಅದರ ಫಲವಾಗಿ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯಿದೆಯು 1978ರಲ್ಲಿ ಜಾರಿಗೆ ಬಂದಿತು. ಜಪಾನಿನಲ್ಲಿಯೂ 'ಇಲಿಗಳ ಕೂಟ'ವೆಂದು ಜನರು ಕರೆಯುತ್ತಿದ್ದ ಸರಪಳಿ ಯೋಜನೆಗಳನ್ನು ನಿಷೇಧಿಸುವ ಶಾಸನವು ಅದೇ 1978ರಲ್ಲಿ ಅಂಗೀಕೃತವಾಯಿತೆಂಬುದು ಗಮನಾರ್ಹ. ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ಇಲಿಗಳ ಸಂತತಿಯಂತೆ ಸದಸ್ಯರು ಹೆಚ್ಚಬೇಕಾದ್ದರಿಂದ ಆ ಹೆಸರು.

ನಮ್ಮ 1978ರ ಕಾಯಿದೆಯಲ್ಲಿ ಹಣ ಪರಿಚಲನೆ ಯೋಜನೆಗೆ ಎರಡು ಲಕ್ಷಣಗಳನ್ನು ಕಾಣಬಹುದು: ಬೇಗನೆ ಅಥವಾ ಸುಲಭವಾಗಿ ಹಣ ಬರುವುದೆಂಬ ಆಶ್ವಾಸನೆ, ಆ ಹಣವು ಹೊಸ ಸದಸ್ಯರ ಸೇರ್ಪಡೆಯಂಥ ಘಟನೆಯನ್ನು ಅವಲಂಬಿಸಿರುವುದು. ಕಲ್ಕತ್ತೆಯ ಸಂಚಯಿತಾ ಸಂಸ್ಥೆಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ, ಹೆಚ್ಚಿನ ಬಡ್ಡಿಯ ಆಸೆ ತೋರಿಸುವುದಷ್ಟೇ ಈ ಕಾಯಿದೆಯ ಕೆಳಗೆ ಅಪರಾಧವಾಗದೆಂದು ಹೇಳಿ ಎರಡನೆಯ ಲಕ್ಷಣದ ಮಹತ್ವವನ್ನು ಎತ್ತಿ ತೋರಿಸಿತು. 1998ರಲ್ಲಿ ಆಮ್‌ವೇ ಭಾರತದಲ್ಲಿ ವ್ಯಾಪಾರ ಆರಂಭಿಸಿತು. ಅದರ ಯೋಜನೆಯು ಮೇಲ್ನೋಟಕ್ಕೆ 1978ರ ಕಾಯಿದೆಯ ವ್ಯಾಪ್ತಿಗೆ ಬರುವುದೆಂದು ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು 2007ರಲ್ಲಿ ಅಭಿಪ್ರಾಯಪಟ್ಟಿತು. 2016ರಲ್ಲಿ ಕೇಂದ್ರ ಸರಕಾರವು ನೇರ ಮಾರಾಟಕ್ಕೆ ಮಾದರಿ ಮಾರ್ಗಸೂಚಿಯನ್ನು ಹೊರಡಿಸಿತು. ಸೇರುವವರಿಂದ ಪ್ರವೇಶಧನ ಪಡೆಯಬಾರದು, ಸಂಪಾದನೆಯ ಬಗ್ಗೆ ತಪ್ಪು ಚಿತ್ರ ಕೊಟ್ಟು ಜನರನ್ನು ಸೇರಿಸಿಕೊಳ್ಳಬಾರದು ಎಂಬ ಮಾತುಗಳು ಅದರಲ್ಲಿವೆ. 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ನೇರ ಮಾರಾಟದ ನಿಯಮಗಳು ಬಂದು, ಪಿರಮಿಡ್ ಯೋಜನೆಯನ್ನು ನಡೆಸುವುದೂ ಅದಕ್ಕೆ ಜನರನ್ನು ಸೇರಿಸುವುದೂ ನಿಷಿದ್ಧವಾದವು.

ಆದುದರಿಂದ ನೇರ ಮಾರಾಟವೆಲ್ಲವೂ ವಂಚನೆಯೆಂದು ಹೇಳುವುದು ನ್ಯಾಯವಲ್ಲ. ಪ್ರಶ್ನೆ ಇಷ್ಟೇ: ಆದಾಯವು ಸರಕನ್ನು ನಿಜವಾಗಿ ಬಳಸುವ ಗಿರಾಕಿಯಿಂದ ಬರುತ್ತದೆಯೋ, ಹೊಸದಾಗಿ ಸೇರುವವನ ಜೇಬಿನಿಂದ ಬರುತ್ತದೆಯೋ? ಇನ್ನು, ನೇರ ಮಾರಾಟಗಾರನು ಸಂಬಳದ ನೌಕರನಲ್ಲವೆಂಬುದು ಸರ್ವವಿದಿತ. ಹಾಗಿರುವಾಗ ಅದನ್ನೇ 'ನೌಕರಿ' ಎಂದು ಹೇಳಿ ಕರೆಯುವುದು, ಯೋಜನೆಯ ಸ್ವರೂಪ ಏನೇ ಇರಲಿ, ಮೊದಲ ಹೆಜ್ಜೆಯಲ್ಲಿಯೇ ಸುಳ್ಳು.

5

ಕೆಲಸದ ವೇಷವನ್ನು ಇಂಥ ಯೋಜನೆಗಳು ಹೇಗೆ ಧರಿಸುತ್ತವೆ ಎಂಬುದಕ್ಕೆ ದೇಶದ ಎರಡು ಪ್ರಸಿದ್ಧ ಪ್ರಕರಣಗಳನ್ನು ನೋಡಬಹುದು. 2011ರಲ್ಲಿ ಬಯಲಿಗೆ ಬಂದ ಸ್ಪೀಕ್ ಏಷ್ಯಾ ಪ್ರಕರಣದಲ್ಲಿ ಸದಸ್ಯರು ವರ್ಷಕ್ಕೆ 11,000 ರೂಪಾಯಿ ಕಟ್ಟಿ, ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಮೇಲೆ ಸಮೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿತ್ತು. 2017ರ ಫೆಬ್ರುವರಿಯಲ್ಲಿ ಉತ್ತರಪ್ರದೇಶದ ಪೋಲೀಸರು ನೋಯ್ಡಾದಲ್ಲಿ ಹಿಡಿದ 'ಸೋಶಿಯಲ್ ಟ್ರೇಡ್' ಯೋಜನೆಯಲ್ಲಿ, ಹಣ ಕಟ್ಟಿದವರು ಅಂತರ್ಜಾಲದ ಪುಟಗಳ ಮೇಲೆ ಒತ್ತುತ್ತ ಕುಳಿತರೆ ಒತ್ತಿಗೆ 5 ರೂಪಾಯಿ ಎಂದು ಲೆಕ್ಕ. ಸುಮಾರು 3,700 ಕೋಟಿ ರೂಪಾಯಿಯ ವ್ಯವಹಾರವೆಂದು ಪೋಲೀಸರು ಅಂದು ತಿಳಿಸಿದರು. ಇವೆರಡರಲ್ಲಿಯೂ ಜನರಿಂದ ಏನೋ ಒಂದು 'ಕೆಲಸ' ಮಾಡಿಸಲಾಯಿತು. ಬಿಟ್ಟಿ ಹಣವನ್ನು ಒಲ್ಲದ ಮರ್ಯಾದಸ್ಥರು ಕೂಡ ದುಡಿದು ಪಡೆಯುವ ಹಣವನ್ನು ಒಲ್ಲೆನೆನ್ನಲಾರರು. ದುರಾಸೆಗಿಂತ ದುಡಿಯುವ ಆಸೆಯನ್ನೇ ಈ ಯೋಜನೆಗಳು ಹೆಚ್ಚಾಗಿ ದುರುಪಯೋಗಪಡಿಸಿಕೊಂಡವು ಎಂಬುದಕ್ಕೆ ಇದೇ ಸಾಕ್ಷಿ.

ಏಜೆಂಟರ ಸರಪಳಿಯ ಮೂಲಕ ನಡೆದ ಠೇವಣಿ ಸಂಗ್ರಹವೂ ಇದಕ್ಕೆ ದೂರದ್ದಲ್ಲ. ವಿಜಯವಾಡದಲ್ಲಿ ಮುಖ್ಯ ಕಚೇರಿಯಿದ್ದ ಅಗ್ರಿಗೋಲ್ಡ್ ಸಂಸ್ಥೆಯು ಆಂಧ್ರ, ತೆಲಂಗಾಣ, ಕರ್ನಾಟಕ ಮೊದಲಾದ ರಾಜ್ಯಗಳ ಸುಮಾರು 32 ಲಕ್ಷ ಖಾತೆಗಳಿಂದ 6,000 ಕೋಟಿಗೂ ಮಿಕ್ಕಿ ಹಣ ಸಂಗ್ರಹಿಸಿ, 2014-15ರ ಹೊತ್ತಿಗೆ ಹಿಂತಿರುಗಿಸಲಾರದೆ ಹೋಯಿತು. ಹಣ ತಂದುಕೊಟ್ಟವರು ಊರೂರಿನ ಏಜೆಂಟರು. ಅವರಿಗೆ ಅದೇ ಜೀವನೋಪಾಯ. ಸಂಸ್ಥೆ ಮುಳುಗಿದಾಗ ಜನರು ಬಾಗಿಲು ತಟ್ಟಿದ್ದು ವಿಜಯವಾಡದ ಕಚೇರಿಯನ್ನಲ್ಲ, ತಮ್ಮ ಓಣಿಯ ಏಜೆಂಟನ ಮನೆಯನ್ನು. ಹುಸಿ ಉದ್ಯೋಗದ ಇನ್ನೊಂದು ಘೋರ ರೂಪವನ್ನು ನೆರೆಯ ಕಲಬುರಗಿ ಜಿಲ್ಲೆ ಕಂಡಿತು. ಅಲ್ಲಿನ ಕೆಲವು ತರುಣರು ಕಾವಲುಗಾರ, ಸಹಾಯಕ ಮುಂತಾದ ಕೆಲಸವೆಂದು ನಂಬಿ ಏಜೆಂಟರಿಗೆ ಹಣ ಕೊಟ್ಟು ರಷ್ಯಾ ದೇಶಕ್ಕೆ ಹೋಗಿ, ಯುದ್ಧರಂಗದ ಪಾಲಾದ ಸಂಗತಿಯು 2024ರ ಆರಂಭದಲ್ಲಿ ಬೆಳಕಿಗೆ ಬಂದಿತು.

6

ಸರಪಳಿಯ ಲೆಕ್ಕವನ್ನು ನಮ್ಮ ಜಿಲ್ಲೆಗೇ ಅನ್ವಯಿಸಿ ನೋಡುವುದು ವಿದ್ಯಾರ್ಥಿಗಳಿಗೆ ಉಪಯುಕ್ತವಾದೀತು. ಒಬ್ಬನು ಆರು ಜನರನ್ನು ಸೇರಿಸಬೇಕೆಂದು ಇಟ್ಟುಕೊಳ್ಳೋಣ. ಆರು ಜನರಿಂದ 36, ಅವರಿಂದ 216, ಹೀಗೆ ಏರುತ್ತ ಎಂಟನೆಯ ಹಂತಕ್ಕೆ ಹೊಸದಾಗಿ ಸೇರಬೇಕಾದವರು 16,79,616. ಎಂಟೂ ಹಂತಗಳ ಒಟ್ಟು ಮೊತ್ತ 20,15,538. 2011ರ ಜನಗಣತಿಯಂತೆ ವಿಜಾಪುರ ಜಿಲ್ಲೆಯ ಜನಸಂಖ್ಯೆ 21,77,331. ಎಂದರೆ ಎಂಟನೆಯ ಹಂತ ಮುಗಿಯುವಷ್ಟರಲ್ಲಿ ತೊಟ್ಟಿಲ ಕೂಸುಗಳನ್ನೂ ಸೇರಿಸಿ ಜಿಲ್ಲೆಯೇ ಬಹುತೇಕ ಸದಸ್ಯವಾಗಿರಬೇಕು. ಒಂಬತ್ತನೆಯ ಹಂತಕ್ಕೆ ಒಂದು ಕೋಟಿಗೂ ಹೆಚ್ಚು ಹೊಸಬರು ಬೇಕು. ಇಬ್ಬರನ್ನು ಮಾತ್ರ ಸೇರಿಸಿದರೆ ಸಾಕೆಂಬ ಯೋಜನೆಯಲ್ಲಿಯೂ ಇಪ್ಪತ್ತು ಹಂತಗಳಲ್ಲಿ ಒಟ್ಟು 20,97,150 ಜನ ಬೇಕಾಗುತ್ತದೆ. ಆರರ ಸರಪಳಿಯು ಯಾವ ಹಂತದಲ್ಲಿ ನಿಂತರೂ, ಸುಮಾರು ಆರರಲ್ಲಿ ಐದು ಪಾಲು ಸದಸ್ಯರು ಕೊನೆಯ ಸಾಲಿನಲ್ಲಿರುತ್ತಾರೆ. ಅವರ ಕೆಳಗೆ ಯಾರೂ ಇರುವುದಿಲ್ಲ. ಆದುದರಿಂದ ಬಹುಸಂಖ್ಯಾತರ ನಷ್ಟವು ಅವರ ಸೋಮಾರಿತನದಿಂದ ಆದದ್ದಲ್ಲ. ಯೋಜನೆಯ ರಚನೆಯಲ್ಲಿಯೇ ಅಡಗಿದೆ. ಆದರೆ ಸೋತವನಿಗೆ ಅಲ್ಲಿ ಹೇಳುವುದು ನೀನು ಸಾಕಷ್ಟು ದುಡಿಯಲಿಲ್ಲ ಎಂದೇ. ಅವನೂ ಅದನ್ನು ನಂಬುತ್ತಾನೆ.

ಕರೆಯ ಕ್ರಮವೂ ಬಹುಮಟ್ಟಿಗೆ ಒಂದೇ ಬಗೆಯದು. ಕಂಪೆನಿಯ ಹೆಸರನ್ನು ಮೊದಲು ಸ್ಪಷ್ಟವಾಗಿ ಹೇಳುವುದಿಲ್ಲ. ಸಂದರ್ಶನವೆಂದು ಕರೆದು ಸಭೆಯಲ್ಲಿ ಕೂಡಿಸುತ್ತಾರೆ. ಕೊರಳಪಟ್ಟಿ ಕಟ್ಟಿದವರು ವೇದಿಕೆಗೆ ಬಂದು ತಮ್ಮ ಹಿಂದಿನ ಬಡತನವನ್ನೂ ಇಂದಿನ ಕಾರನ್ನೂ ಬಣ್ಣಿಸುತ್ತಾರೆ. ಊರಿನ ಕಂಗಾಣಿಯ ಒಳ್ಳೆಯ ಬಟ್ಟೆ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ತರಬೇತಿಯ, ಸರಕಿನ ಅಥವಾ ನೋಂದಣಿಯ ಹೆಸರಿನಲ್ಲಿ ಹಣ ಕೇಳುತ್ತಾರೆ. ಬಳಿಕ ತರುಣನಿಂದ ಅವನ ಪರಿಚಿತರ ಹೆಸರುಗಳ ಪಟ್ಟಿಯನ್ನು ಬರೆಸುತ್ತಾರೆ. ಈ ಪಟ್ಟಿಯೇ ನಿಜವಾದ ಸರಕು. ಸಹಪಾಠಿ, ಸೋದರಮಾವನ ಮಗ, ಓಣಿಯ ಗೆಳೆಯ, ಇವರು ಹಲವು ವರ್ಷಗಳಿಂದ ಅವನ ಮೇಲಿಟ್ಟ ನಂಬಿಕೆಯೇ ಅಲ್ಲಿ ಮಾರಾಟಕ್ಕೆ ಬರುವ ವಸ್ತು. ಕಟ್ಟಿದ ಹಣ ಮನೆಯವರು ಸಾಲ ಮಾಡಿ ತಂದದ್ದಾದರೆ, ಬರಿಗೈಯಲ್ಲಿ ಊರಿಗೆ ಮರಳುವ ದಾರಿಯೂ ಮುಚ್ಚಿದಂತೆಯೇ. ಹಣವನ್ನು ಹಿಂದಕ್ಕೆ ಪಡೆಯಲು ಅವನಿಗೆ ಕಾಣುವ ಉಪಾಯ ಒಂದೇ: ತನಗೆ ಬಂದಂತಹ ಕರೆಯನ್ನೇ ಇನ್ನೊಬ್ಬನಿಗೆ ಮಾಡುವುದು.

ಇಲ್ಲಿಯೇ ಕಾನೂನಿನ ಒಂದು ತೊಡಕು ಎದುರಾಗುತ್ತದೆ. 1978ರ ಕಾಯಿದೆಯ 3ನೆಯ ಪ್ರಕರಣವು ಇಂಥ ಯೋಜನೆಯನ್ನು ನಡೆಸುವುದನ್ನು ಮಾತ್ರವಲ್ಲ, ಅದಕ್ಕೆ ಸದಸ್ಯರನ್ನು ಸೇರಿಸುವುದನ್ನೂ ಅದರಲ್ಲಿ ಭಾಗವಹಿಸುವುದನ್ನೂ ನಿಷೇಧಿಸುತ್ತದೆ; 4ನೆಯ ಪ್ರಕರಣದಂತೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹೀಗಾಗಿ ಇಬ್ಬರು ಗೆಳೆಯರನ್ನು ಸೇರಿಸಿದ ಹಳ್ಳಿಯ ತರುಣನು ದೂರು ಕೊಡಲು ಪೋಲೀಸ್ ಠಾಣೆಗೆ ಹೋದರೆ ತನ್ನ ತಪ್ಪನ್ನೂ ಹೇಳಿಕೊಳ್ಳಬೇಕಾಗುತ್ತದೆ. ತನ್ನನ್ನು ಸೇರಿಸಿದ ಬಂಧುವಿನ ಹೆಸರನ್ನೂ ಹೇಳಬೇಕಾಗುತ್ತದೆ. ಅಂಜಿಕೆ, ನಾಚಿಕೆ, ನೆಂಟಸ್ತನ ಮೂರೂ ಸೇರಿ ಅವನ ಬಾಯಿ ಕಟ್ಟುತ್ತವೆ. 1859ರ ಕಾಯಿದೆಯು ಮುಂಗಡ ಪಡೆದ ಆಳನ್ನು ಹಿಡಿದು ಮಧ್ಯಸ್ಥನನ್ನು ಬಿಟ್ಟಿತು. ಇಂದಿನ ಕಾಯಿದೆಯ ಉದ್ದೇಶ ಹಾಗಲ್ಲದಿದ್ದರೂ, ಕೆಳಗಿನ ಸಾಲಿನವನು ಬಾಯಿ ಬಿಡಲು ಹೆದರುವುದರಿಂದ ಮೇಲಿನ ಸಾಲಿನವನು ಉಳಿದುಕೊಳ್ಳುತ್ತಾನೆ. ಲಾಭ ಪಡೆಯದೆ ಕೇವಲ ತನ್ನ ಹಣಕ್ಕಾಗಿ ಇನ್ನೊಬ್ಬನನ್ನು ಕರೆದವನನ್ನೂ, ಯೋಜನೆಯನ್ನು ಹೂಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗದೆ, ಮೊದಲನೆಯವನು ನಿರ್ಭಯವಾಗಿ ಸಾಕ್ಷಿ ನುಡಿಯುವಂತೆ ಮಾಡುವುದು ತನಿಖೆಯ ದೃಷ್ಟಿಯಿಂದಲೂ ಲೇಸು.

7

ಇದುವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಹಳೆಯ ಮತ್ತು ಹೊಸ ಪದ್ಧತಿಗಳೆರಡರಲ್ಲಿಯೂ ಆಮಿಷವನ್ನು ಊರಿಗೆ ತರುವವನು ಪರಕೀಯನಲ್ಲ, ಪರಿಚಿತ. ಅವನಿಗೆ ಪ್ರತಿಫಲವು ತಲೆಗಳ ಲೆಕ್ಕದಲ್ಲಿ. ಎರಡನೆಯದಾಗಿ, ಹಣದ ದಿಕ್ಕು ಬದಲಾಗಿದೆ. ಮುಂಗಡವು ಆಳನ್ನು ಸಾಲದಿಂದ ಕಟ್ಟಿಹಾಕಿತು. ಸದಸ್ಯತ್ವವು ತರುಣನನ್ನು ಅವನು ಕಳೆದುಕೊಂಡ ಹಣದಿಂದಲೇ ಕಟ್ಟಿಹಾಕುತ್ತದೆ. ಮೂರನೆಯದಾಗಿ, ಹಳೆಯ ಪದ್ಧತಿಯ ಕೊನೆಯಲ್ಲಿ ಕಠಿಣವಾದರೂ ನಿಜವಾದ ಒಂದು ದುಡಿಮೆಯಿತ್ತು. ಕಾಫಿ ಬೆಳೆಯಿತು, ಬಟ್ಟೆ ತಯಾರಾಯಿತು. ಹೊಸದರ ಕೊನೆಯಲ್ಲಿ ಇನ್ನೊಂದು ಕರೆಯ ಹೊರತು ಏನೂ ಇಲ್ಲ. ಬಸವಣ್ಣನವರ ಜನ್ಮಸ್ಥಳವೆಂದು ನಾಡು ಗೌರವಿಸುವ ಬಾಗೇವಾಡಿಯ ನೆಲದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 12ನೆಯ ಶತಮಾನದ ಶರಣರು ಕಾಯಕವೆಂದು ಕರೆದುದು ಕೈಯಾರೆ ದುಡಿದು ತನಗೂ ಪರರಿಗೂ ಒದಗುವ ಕೆಲಸವನ್ನು. ಪರರ ನಷ್ಟವಿಲ್ಲದೆ ತನಗೆ ಲಾಭವಿಲ್ಲವೆಂಬ ಏರ್ಪಾಡು ಯಾವ ಹೆಸರಿಟ್ಟರೂ ಕಾಯಕವಾಗಲಾರದು.

ಚರಿತ್ರೆಯು ಹೇಳುವ ಮತ್ತೊಂದು ಮಾತಿದೆ. ಅರಕಾಟಿಯಾಗಲಿ ಜಾಬರನಾಗಲಿ ಕೇವಲ ಕಾಯಿದೆಯಿಂದ ಇಲ್ಲವಾಗಲಿಲ್ಲ. ಹೋದವರು ಹಿಂದಿರುಗಿ ಬಂದು ನಡೆದುದನ್ನು ನಡೆದಂತೆ ಹೇಳಿದಾಗ, ಆಯೋಗಗಳು ಅವರ ಮಾತನ್ನು ಬರೆದುಕೊಂಡಾಗ, ಮಧ್ಯಸ್ಥನ ಹಂಗಿಲ್ಲದೆ ಕೆಲಸ ದೊರೆಯುವ ಮಾರ್ಗಗಳು ತೆರೆದಾಗ ಅವರ ಬಲ ಕುಗ್ಗಿತು. 1945ರಲ್ಲಿ ಆರಂಭವಾದ ಉದ್ಯೋಗ ವಿನಿಮಯ ಕಚೇರಿಗಳ ಮೂಲ ಆಶಯವು ಸೇನೆಯಿಂದ ಬಿಡುಗಡೆಯಾದವರಿಗೂ ಯುದ್ಧಕಾಲದ ಕೆಲಸ ಕಳೆದುಕೊಂಡವರಿಗೂ ಕೆಲಸ ಒದಗಿಸುವುದಾಗಿತ್ತು; ಆಮೇಲೆ ಅವು ಸರ್ವರಿಗೂ ತೆರೆದವು.

ನಮ್ಮ ಕಾಲೇಜುಗಳು ಈ ಎರಡೂ ಕಾರ್ಯಗಳಲ್ಲಿ ಪಾಲುಗೊಳ್ಳಬಹುದು. ಅಂತಿಮ ವರ್ಷದ ವಿದ್ಯಾರ್ಥಿಗೆ ಅಧ್ಯಾಪಕರು ಮೂರು ಪ್ರಶ್ನೆಗಳನ್ನು ಕಲಿಸಿಕೊಟ್ಟರೆ ಸಾಕು. ಕೆಲಸ ಕೊಡುವವನು ನನ್ನಿಂದಲೇ ಹಣ ಕೇಳುತ್ತಾನೆಯೇ? ನನ್ನ ಸಂಬಳ ಯಾವ ಗಿರಾಕಿಯ ಹಣದಿಂದ ಬರುತ್ತದೆ? ಈ ವಿಷಯವನ್ನು ಮನೆಯಲ್ಲಿ ಹೇಳಬೇಡವೆಂದು ಏಕೆ ಹೇಳುತ್ತಾರೆ? ಇವುಗಳಿಗೆ ನೇರವಾದ ಉತ್ತರ ಸಿಗದ ಕಡೆ ಉದ್ಯೋಗವಿಲ್ಲವೆಂದೇ ತಿಳಿಯಬೇಕು. ಮೋಸಹೋಗಿ ಹಿಂದಿರುಗಿದವನನ್ನು ಹಾಸ್ಯ ಮಾಡದೆ ಕೂಡಿಸಿಕೊಂಡು ಅವನ ಅನುಭವವನ್ನು ಕೇಳಿ, ಹೆಸರು ಮರೆಸಿ ಬರೆದಿಡುವುದು ಇತಿಹಾಸ ವಿಭಾಗಗಳು ಕೈಕೊಳ್ಳಬೇಕಾದ ಕೆಲಸ. ಕಂಗಾಣಿಯ ಕಾಲದ ಆಳುಗಳ ಮಾತು ನಮಗೆ ಬಹುಪಾಲು ಅಧಿಕಾರಿಗಳ ವರದಿಗಳ ಮೂಲಕವೇ ದೊರೆಯುತ್ತದೆ. ನಮ್ಮ ಕಾಲದ ಈ ತರುಣರ ಮಾತನ್ನು ಅವರ ಬಾಯಿಂದಲೇ ಕೇಳುವ ಅವಕಾಶ ಇನ್ನೂ ನಮಗಿದೆ.